ಜೀರ್ಣಾಂಗ ಮತ್ತು ಯಕೃತ್ತಿನ ರೋಗಗಳಲ್ಲಿ ಡಾಕ್ಟರೇಟ್ ನಂತರದ ಸಂಶೋಧನಾ ತರಬೇತಿ

ಪಿಎಚ್.ಡಿ. ಇಲ್ಲವೇ ಎಂ.ಡಿ. ಮುಗಿಸಿದವರು ಅನುಭವಿ ಸಂಶೋಧಕರೊಬ್ಬರ ಬಳಿ ಇನ್ನೂ ಕೆಲವು ವರ್ಷ ದುಡಿದು, ಅನ್ನನಾಳ, ಜಠರ, ಕರುಳು, ಮೇದೋಜೀರಕ ಗ್ರಂಥಿ, ಪಿತ್ತಕೋಶ ಮತ್ತು ಯಕೃತ್ತಿನ ಕಾಯಿಲೆಗಳ ಬಗ್ಗೆ ತಾವೇ ಪ್ರಶ್ನೆ ಹಿಡಿದು ತಾವೇ ಉತ್ತರ ಹುಡುಕುವಷ್ಟು ಬೆಳೆಯುವ ಹಂತವಿದು. ಇದು ಪದವಿಯಲ್ಲ. ಕೊನೆಯಲ್ಲಿ ಪರೀಕ್ಷೆಯಿಲ್ಲ, ಘಟಿಕೋತ್ಸವವಿಲ್ಲ. ಪ್ರಕಟವಾದ ಪ್ರಬಂಧಗಳು, ಕಲಿತ ಕೈಕೆಲಸ, ಗೈಡ್ ಬರೆದುಕೊಡುವ ಪತ್ರ ಇಷ್ಟೇ ಕೈಗೆ ಬರುವುದು. ಕರ್ನಾಟಕದಲ್ಲಿ ಈ ತರಬೇತಿ ಬೆಂಗಳೂರಿನ ಆಸ್ಪತ್ರೆಯೊಂದರ ರಿಜಿಸ್ಟರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ವೈರಸ್ ಪ್ರಯೋಗಾಲಯದಲ್ಲಿ, ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ ಬಿಡಿಬಿಡಿಯಾಗಿ ಬೆಳೆದು ಬಂದಿದೆ. ಬಿಡಿಯಾಗಿರುವುದೇ ಅದರ ದೊಡ್ಡ ಕೊರತೆ ಎಂಬುದು ಈ ಲೇಖನದ ಅಭಿಪ್ರಾಯ.

ಎರಡು ದಾರಿಗಳು

ಈ ಹಂತಕ್ಕೆ ಬರುವವರು ಎರಡು ಕಡೆಯಿಂದ ಬರುತ್ತಾರೆ. ವೈದ್ಯರ ದಾರಿ ಉದ್ದದ್ದು: ಹೌಸ್‌ಮನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ, ಎಂ.ಡಿ. ಮೂರು ವರ್ಷ, ಆಮೇಲೆ ಗ್ಯಾಸ್ಟ್ರೋ ಎಂಟರಾಲಜಿಯಲ್ಲೋ ಹೆಪಟಾಲಜಿಯಲ್ಲೋ ಡಿ.ಎಂ. ಮೂರು ವರ್ಷ. ಶಸ್ತ್ರಚಿಕಿತ್ಸೆಯವರಿಗೆ ಎಂ.ಸಿಎಚ್. ಒಂದೇ ಒಂದು ವರ್ಷವೂ ನಡುವೆ ಪೋಲಾಗದಿದ್ದರೆ ಹನ್ನೊಂದೂವರೆ ವರ್ಷ. ಸೂಪರ್ ಸ್ಪೆಷಾಲಿಟಿ ನೀಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬಂದಮೇಲೆ ಒಂದು ವರ್ಷ ಓದಿಗೇ ಹೋಗುವುದು ಸಾಮಾನ್ಯ. ಡಿ.ಎಂ. ಓದುವಾಗ ಪ್ರಬಂಧ ಬರೆಯಬೇಕೆಂಬ ನಿಯಮವಿದೆ. ಆದರೆ ಬೆಳಿಗ್ಗೆ ಎಂಡೋಸ್ಕೋಪಿ ಕೋಣೆ, ಮಧ್ಯಾಹ್ನ ಹೊರರೋಗಿ ವಿಭಾಗ, ರಾತ್ರಿ ರಕ್ತವಾಂತಿ ಮಾಡಿಕೊಂಡು ಬಂದವರ ತುರ್ತು ಚಿಕಿತ್ಸೆ ನೋಡುವವರಿಗೆ ಆ ಪ್ರಬಂಧ ಮುಗಿಸಬೇಕಾದ ಕೆಲಸಗಳಲ್ಲಿ ಒಂದಾಗಿ ಉಳಿಯುತ್ತದೆ. ಡಿ.ಎಂ. ಮುಗಿಸಿದವರನ್ನು ಖಾಸಗಿ ಆಸ್ಪತ್ರೆಗಳು ಕೈಹಿಡಿದು ಕರೆದುಕೊಳ್ಳುತ್ತವೆ. ಅಲ್ಲಿಂದ ಮತ್ತೆ ಎರಡು ವರ್ಷ ಕಡಿಮೆ ಸಂಬಳಕ್ಕೆ ಸಂಶೋಧನೆಗೆ ಬರುವವರು ವಿರಳ.

ಇನ್ನೊಂದು ದಾರಿ ಜೀವರಸಾಯನ, ಸೂಕ್ಷ್ಮಜೀವಿ ವಿಜ್ಞಾನ, ಪೌಷ್ಟಿಕಾಂಶ, ಗಣಕ ಜೀವವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದವರದು. ಯಕೃತ್ತಿನ ಜೀವಕೋಶವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವುದು ಇವರಿಗೆ ಗೊತ್ತು. ಹೊಟ್ಟೆಯಲ್ಲಿ ನೀರು ತುಂಬಿಕೊಂಡ ರೋಗಿಯ ಪಕ್ಕ ಕೂತು ಮಾತಾಡಿಸಿದವರು ಇವರಲ್ಲಿ ಕಡಿಮೆ. ಒಳ್ಳೆಯ ಪೋಸ್ಟ್‌ಡಾಕ್ ತರಬೇತಿಯೆಂದರೆ ಈ ಇಬ್ಬರನ್ನೂ ಒಂದೇ ಮೇಜಿನ ಎದುರು ಕೂರಿಸಿ, ಒಂದೇ ರೋಗದ ಬಗ್ಗೆ ಜಗಳವಾಡಲು ಬಿಡುವುದು. ಉಳಿದ ವ್ಯವಸ್ಥೆಯೆಲ್ಲ ಅದಕ್ಕೆ ಒದಗುವ ಸಲಕರಣೆ.

ಪ್ರಶ್ನೆಗಳು ಹುಟ್ಟುವ ಜಾಗ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯಲ್ಲಿ ಇಂಥ ಸಂಶೋಧನಾ ಕೇಂದ್ರ ಇಲ್ಲ. ಆದರೆ ಸಂಶೋಧನೆಗೆ ಬೇಕಾದ ಪ್ರಶ್ನೆಗಳಿಗೆ ಅಲ್ಲಿ ಬರವಿಲ್ಲ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಮನೆ, ಹಸು, ರಾಗಿ ಹೊಲ, ಕನ್ನಡ ತೆಲುಗು ಎರಡನ್ನೂ ಬೆರೆಸಿ ಆಡುವ ಜನ, ಆಳಕ್ಕಿಳಿದ ಕೊಳವೆಬಾವಿ, ಇವು ಈ ಸೀಮೆಯ ಚಹರೆ. ಇಲ್ಲಿಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹಳೆಯ ಸಮಸ್ಯೆ. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಪ್ಪಬಹುದು, ಬೇರೆ ನೀರೇ ಸಿಗದಿದ್ದಲ್ಲಿ 1.5ರ ವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಫ್ಲೋರೈಡ್ ಎಂದ ಕೂಡಲೇ ಹಲ್ಲಿನ ಕಂದು ಕಲೆ, ಬಾಗಿದ ಮೂಳೆ ನೆನಪಾಗುತ್ತವೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಎ.ಕೆ. ಸುಶೀಲಾ ಮತ್ತು ಸಂಗಡಿಗರು 1990ರ ದಶಕದ ಮೊದಲಲ್ಲಿ ಹೊಟ್ಟೆಯ ಕಡೆಗೂ ನೋಡಿದರು. ಫ್ಲೋರೈಡ್ ಹೆಚ್ಚು ಸೇರಿದವರ ಜಠರ ಮತ್ತು ಸಣ್ಣ ಕರುಳಿನ ಒಳಪೊರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಾಗ, ಆಹಾರ ಹೀರುವ ನವಿರಾದ ಎಳೆಗಳು ಅಲ್ಲಲ್ಲಿ ಉದುರಿಹೋಗಿ, ಮೇಲ್ಮೈ ಬಿರುಕುಬಿಟ್ಟ ಜೇಡಿಮಣ್ಣಿನಂತೆ ಕಾಣುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ‘ಗ್ಯಾಸ್ಟ್ರಿಕ್’ ಎಂದು ಹೇಳಿ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರುವವರಲ್ಲಿ ಎಷ್ಟು ಮಂದಿಯ ಸಂಕಟಕ್ಕೆ ನೀರೇ ಕಾರಣ? ಸಾದಲಿಯಲ್ಲಿ ನಿಂತು ಕೇಳಬೇಕಾದ ಪ್ರಶ್ನೆಯಿದು. ಒಬ್ಬ ಎಂಡೋಸ್ಕೋಪಿ ಬಲ್ಲ ವೈದ್ಯ, ಒಬ್ಬ ನೀರಿನ ರಸಾಯನ ಬಲ್ಲ ಪಿಎಚ್.ಡಿ. ಸೇರಿದರೆ ಎರಡು ವರ್ಷದ ಫೆಲೋಶಿಪ್ಪಿಗೆ ಸರಿಹೊಂದುವ ಕೆಲಸ.

ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ಇಲ್ಲಿಯ ನೀರಾವರಿ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಪರ ವಿರೋಧದ ಮಾತು ಸಾಕಷ್ಟಾಗಿದೆ. ಕೆರೆಯ ಕೆಳಗಿನ ಊರುಗಳ ಮಕ್ಕಳ ಭೇದಿ, ಕಾಮಾಲೆ, ಕರುಳಿನ ಸೂಕ್ಷ್ಮಜೀವಿಗಳ ಔಷಧ ನಿರೋಧ ಇವನ್ನು ವರ್ಷಗಟ್ಟಲೆ ಅಳೆದು ಹೇಳುವ ಸಂಶೋಧಕರು ಬೇಕು. ಅಂಥ ಅಳತೆ ಕಲಿಸುವುದೂ ಈ ತರಬೇತಿಯ ಭಾಗ.

ಹಿಂದಿನ ಹೆಜ್ಜೆಗಳು

ಈ ನಾಡಿನಲ್ಲಿ ಜೀರ್ಣಾಂಗ ಸಂಶೋಧನೆ ವಿಶ್ವವಿದ್ಯಾಲಯದಿಂದಲ್ಲ, ಮಿಷನ್ ಆಸ್ಪತ್ರೆಯಿಂದ ಹೊರಟಿತು ಎಂದರೆ ತಪ್ಪಾಗದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950–60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ ಅವರ ಮೇಜಿನ ಮೇಲೆ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಾದ ರೋಗಿಗಳು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಉತ್ತರ ಭಾರತದ ಗೋಧಿ ಸೀಮೆಯಲ್ಲಿ ಈ ಹುಣ್ಣು ಅಷ್ಟಿಲ್ಲ, ಅಕ್ಕಿ ಉಣ್ಣುವ ದಕ್ಷಿಣದಲ್ಲಿ ಯಾಕೆ ಇಷ್ಟು? ಅವರು ಪತ್ರ ಬರೆದು, ಆಸ್ಪತ್ರೆಗಳ ದಾಖಲೆ ತರಿಸಿ, ದೇಶದ ಭೂಪಟದ ಮೇಲೆ ರೋಗವನ್ನೂ ಊಟವನ್ನೂ ಒಟ್ಟಿಗೆ ಇಟ್ಟರು. ತೌಡು ತೆಗೆಯದ ಗೋಧಿ, ಕೆಲವು ಸಿರಿಧಾನ್ಯ, ಕೆಲವು ಕಾಳು ಉಣ್ಣುವೆಡೆ ಹುಣ್ಣು ಕಡಿಮೆ ಎಂಬುದು ಅವರ ತೀರ್ಮಾನ. ಇಂಗ್ಲೆಂಡಿಗೆ ಮರಳಿದ ಮೇಲೂ ಅವರು ಅದನ್ನು ಬಿಡಲಿಲ್ಲ. 2000ದಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದ ಇಲಿಗಳ ಪ್ರಯೋಗದಲ್ಲಿ ರಕ್ಷಣೆ ಕೊಟ್ಟ ಆಹಾರಗಳ ಸಾಲಿನಲ್ಲಿ ಹುರುಳಿಯ ಕೊಬ್ಬಿನಂಶವೂ ಇತ್ತು. ಹುರುಳಿಕಾಳಿನ ಬಸ್ಸಾರು ಉಂಡು ಬೆಳೆದ ಕೋಲಾರ, ಚಿಕ್ಕಬಳ್ಳಾಪುರದವರು ಇದನ್ನು ಓದಿ ಹಿಗ್ಗಬಹುದು. ಆದರೆ ಇಲಿಯ ಹೊಟ್ಟೆಯಲ್ಲಿ ಕಂಡದ್ದು ಮನುಷ್ಯರಿಗೆ ಚಿಕಿತ್ಸೆಯೆಂದು ಸಾಬೀತಾಗಿಲ್ಲ. ಅಷ್ಟರಲ್ಲಿ ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಈ ಹುಣ್ಣಿನ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಇರುವುದನ್ನು ತೋರಿಸಿದ್ದರು. ಅವರಿಗೆ 2005ರಲ್ಲಿ ನೊಬೆಲ್ ಬಂತು. ಬ್ಯಾಕ್ಟೀರಿಯ ಇದ್ದವರಲ್ಲೂ ಎಲ್ಲರಿಗೂ ಹುಣ್ಣಾಗುವುದಿಲ್ಲವೇಕೆ ಎಂಬ ಪ್ರಶ್ನೆ ಉಳಿದೇ ಇದೆ, ಹಾಗಾಗಿ ಟೋವಿಯವರ ಭೂಪಟಕ್ಕೆ ಇನ್ನೂ ಬೆಲೆಯಿದೆ.

ಸಾದಲಿ, ಚಿಂತಾಮಣಿ ಕಡೆಯವರಿಗೆ ‘ದೊಡ್ಡಾಸ್ಪತ್ರೆ’ ಎಂದರೆ ಬೆಂಗಳೂರಿನಷ್ಟೇ ವೆಲ್ಲೂರೂ ಹೌದು. ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್ ಕಟ್ಟಿದ ವೆಲ್ಕಮ್ ಸಂಶೋಧನಾ ಘಟಕ ದಕ್ಷಿಣ ಭಾರತಕ್ಕೇ ಮಾದರಿಯಾಯಿತು. ತಿಂದದ್ದು ಮೈಗೆ ಹತ್ತದೆ ತಿಂಗಳುಗಟ್ಟಲೆ ಭೇದಿಯಾಗುವ ಸ್ಪ್ರೂ ಕಾಯಿಲೆ ಹಳ್ಳಿಗಳಲ್ಲಿ ಸಾಂಕ್ರಾಮಿಕದಂತೆ ಹಬ್ಬುವುದನ್ನು ವಿ.ಐ. ಮಥಾನ್ ಮತ್ತು ಬೇಕರ್ 1968ರಲ್ಲಿ ವಿವರಿಸಿದರು. ಹಳ್ಳಿಯಲ್ಲಿ ರೋಗಿಗಳನ್ನು ಎಣಿಸುವವರು, ಕರುಳಿನ ಚೂರು ತೆಗೆಯುವವರು, ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು ಎಲ್ಲರೂ ಒಂದೇ ಘಟಕದವರಾಗಿದ್ದರು. ಆ ಪರಂಪರೆ ಮುಂದೆಯೂ ಫಲ ಕೊಟ್ಟಿತು. ಬಿ.ಎಸ್. ರಾಮಕೃಷ್ಣ ಅವರ ತಂಡ ಕಾಲರಾ ರೋಗಿಗಳಿಗೆ ಕೊಡುವ ಉಪ್ಪು-ಸಕ್ಕರೆ ದ್ರಾವಣಕ್ಕೆ ಸಣ್ಣ ಕರುಳಿನಲ್ಲಿ ಕರಗದ ಪಿಷ್ಟ ಸೇರಿಸಿದರೆ ಭೇದಿ ಬೇಗ ನಿಲ್ಲುತ್ತದೆಂದು 2000ದಲ್ಲಿ ತೋರಿಸಿತು. ರೋಟಾವೈರಸ್ ಕುರಿತು ದುಡಿದ ಗಗನ್‌ದೀಪ್ ಕಾಂಗ್ 2019ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದ ಮೊದಲ ಭಾರತೀಯ ಮಹಿಳೆಯಾದರು.

ರೋಟಾವೈರಸ್ ಕಥೆಯಲ್ಲಿ ಬೆಂಗಳೂರಿನ ಪಾಲೂ ಇದೆ, ಅದು ನಮ್ಮಲ್ಲೇ ಹೆಚ್ಚು ಮಂದಿಗೆ ಗೊತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಅವರ ತಂಡ ಬೆಂಗಳೂರಿನ ನವಜಾತ ಶಿಶುಗಳಲ್ಲಿ ಕಾಯಿಲೆ ತರದೆ ಸುಮ್ಮನಿದ್ದ ಐ321 ಎಂಬ ರೋಟಾವೈರಸ್ ಬಗೆಯನ್ನು ಅಭ್ಯಸಿಸಿ, ಅದರ ಹೊರಪದರದ ಪ್ರೋಟೀನುಗಳು ದನಗಳ ರೋಟಾವೈರಸಿನದಕ್ಕೆ ತೀರ ಹತ್ತಿರ ಎಂದು 1993ರಲ್ಲಿ ಪ್ರಕಟಿಸಿತು. ಕೂಸಿಗೆ ಹಾನಿ ಮಾಡದ ವೈರಸ್ ಲಸಿಕೆಯಾಗಬಹುದಲ್ಲವೇ? ದೆಹಲಿಯಲ್ಲಿ ಸಿಕ್ಕ 116ಇ ಎಂಬ ಬಗೆಯೊಂದಿಗೆ ಐ321ನ್ನೂ ಶಿಶುಗಳಲ್ಲಿ ಪರೀಕ್ಷಿಸಿದರು. ರೋಗನಿರೋಧ ಎಬ್ಬಿಸುವುದರಲ್ಲಿ 116ಇ ಮುಂದಾಯಿತು, ಬೆಂಗಳೂರಿನದು ಹಿಂದೆ ಉಳಿಯಿತು. 116ಇ ರೋಟಾವ್ಯಾಕ್ ಆಗಿ 2016ರಿಂದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಸೇರಿತು. ಸೋತ ಕುದುರೆಯ ಮೇಲೆ ವರ್ಷಗಟ್ಟಲೆ ದುಡಿದ ವಿದ್ಯಾರ್ಥಿಗಳ ಕೆಲಸ ವ್ಯರ್ಥವಾಯಿತೇ? ಇಲ್ಲ, ಎರಡನ್ನೂ ಹೋಲಿಸಿ ನೋಡಿದ್ದರಿಂದಲೇ ಒಂದನ್ನು ಆರಿಸಲು ಸಾಧ್ಯವಾಯಿತು. ಆದರೆ ಅವರ ಬಯೋಡೇಟಾದಲ್ಲಿ ಆ ಲಾಭ ಕಾಣುವುದಿಲ್ಲ.

ನೆಲನೆಲ್ಲಿಯ ಪಾಠ

ಕಾಮಾಲೆ ಬಂದರೆ ಪಥ್ಯ, ನಾಟಿ ಔಷಧಿ, ಕೆಲವೆಡೆ ಬರೆ ಎಳೆಸುವುದು, ಇದು ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಇನ್ನೂ ಮರೆಯಾಗಿಲ್ಲ. ನಾಟಿ ಔಷಧಿಗಳಲ್ಲಿ ಮೊದಲ ಹೆಸರು ನೆಲನೆಲ್ಲಿಯದು. ಕಿರುನೆಲ್ಲಿಯೆಂದೂ, ತೆಲುಗು ಆಡುವ ಮನೆಗಳಲ್ಲಿ ನೇಲ ಉಸಿರಿಯೆಂದೂ ಕರೆಯುತ್ತಾರೆ. ಬದುವಿನಲ್ಲಿ ಮಳೆಗಾಲದಲ್ಲಿ ತಾನೇ ಹುಟ್ಟುವ ಈ ಗಿಡ, ಯಕೃತ್ ಸಂಶೋಧನೆ ಕಲಿಯುವವರಿಗೆ ಪಠ್ಯಪುಸ್ತಕವೇ ಆಗಬಲ್ಲದು.

ಹೆಪಟೈಟಿಸ್ ಬಿ ವೈರಸಿನ ಗುರುತನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲುಂಬರ್ಗ್ ಈ ಗಿಡದಲ್ಲಿ ಆಸಕ್ತಿ ತಳೆದರು. ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಬ್ಲುಂಬರ್ಗ್ ಮೊದಲಾದವರು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಾಥಮಿಕ ಅಧ್ಯಯನ ಸುದ್ದಿಯಾಯಿತು. ಹೆಪಟೈಟಿಸ್ ಬಿ ವೈರಸನ್ನು ಮೈಯಲ್ಲಿ ಹೊತ್ತವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟು ನೋಡಿದಾಗ 37 ಮಂದಿಯಲ್ಲಿ 22 ಜನರ ರಕ್ತದಿಂದ ವೈರಸಿನ ಗುರುತು ಮಾಯವಾಗಿತ್ತು; ಹುಸಿಮಾತ್ರೆ ನುಂಗಿದ 23 ಜನರಲ್ಲಿ ಒಬ್ಬರದು ಮಾತ್ರ. ಇಷ್ಟು ದೊಡ್ಡ ಅಂತರ ಔಷಧ ಲೋಕದಲ್ಲಿ ಅಪರೂಪ. ಆಮೇಲೆ ಬೇರೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಮರಳಿ ಬರಲಿಲ್ಲ. ಗಿಡದ ಜಾತಿ ಬೇರೆಯಿತ್ತೇ? ಬೆಳೆದ ಮಣ್ಣು, ಕೊಯ್ದ ಕಾಲ? ಅಥವಾ ಮೊದಲ ಫಲವೇ ಆಕಸ್ಮಿಕವೇ? ನೆಲನೆಲ್ಲಿ ಸೇರಿದ ಫಿಲಾಂತಸ್ ಕುಲದಲ್ಲಿ ಎಲೆಯಲ್ಲಿ ಹೋಲುವ ಹತ್ತಾರು ಜಾತಿಗಳಿವೆ, ಗಿಡವನ್ನು ಖಚಿತವಾಗಿ ಗುರುತಿಸಿ ಮಾದರಿ ಒಣಗಿಸಿಡುವುದು ಸಸ್ಯಶಾಸ್ತ್ರಜ್ಞರ ಕೆಲಸ. ಯಕೃತ್ ತಜ್ಞರಿಗೆ ಅದು ಹೊಳೆಯುವುದಿಲ್ಲ.

ಕಥೆ ಬೆಂಗಳೂರಿಗೂ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೆಪಟೈಟಿಸ್ ಸಿ ವೈರಸ್ ನಮ್ಮ ಜೀವಕೋಶದಿಂದ ತನ್ನ ಪ್ರೋಟೀನುಗಳನ್ನು ಹೇಗೆ ಮಾಡಿಸಿಕೊಳ್ಳುತ್ತದೆಂಬುದನ್ನು ದೀರ್ಘಕಾಲ ಅಧ್ಯಯನ ಮಾಡಿದ ಸೌಮಿತ್ರ ದಾಸ್ ಅವರ ತಂಡ, ನೆಲನೆಲ್ಲಿಯ ಸಾರ ಪ್ರಯೋಗಾಲಯದ ಜೀವಕೋಶಗಳಲ್ಲಿ ಆ ವೈರಸಿನ ಬೆಳವಣಿಗೆಯನ್ನು ತಡೆಯುತ್ತದೆಂದು 2011ರಲ್ಲಿ ವರದಿ ಮಾಡಿತು. ಗಾಜಿನ ತಟ್ಟೆಯಿಂದ ರೋಗಿಯವರೆಗಿನ ದೂರ ದಾಟುವ ಮೊದಲೇ ಹೆಪಟೈಟಿಸ್ ಸಿ ಯನ್ನು ಮೂರು ತಿಂಗಳಲ್ಲಿ ಗುಣಪಡಿಸುವ ಹೊಸ ಮಾತ್ರೆಗಳು ಬಂದವು. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಆರಂಭವಾದ ಮೇಲೆ ಅವು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹೆಪಟೈಟಿಸ್ ಬಿ ಗೆ ಅಂಥ ಪೂರ್ಣ ಗುಣ ಇನ್ನೂ ಸಿಕ್ಕಿಲ್ಲ, ಲಸಿಕೆ ಇದೆ. ಹಳ್ಳಿಯಲ್ಲಿ ನೆಲನೆಲ್ಲಿ ಗೆದ್ದಂತೆ ಕಾಣುವುದಕ್ಕೆ ಮುಖ್ಯ ಕಾರಣವೂ ಕಲಿಯುವವರಿಗೆ ತಿಳಿದಿರಬೇಕು: ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಯಾರ ಔಷಧಿ ಕುಡಿದಿದ್ದರೂ ಕೀರ್ತಿ ಅವರದೇ. ಗರ್ಭಿಣಿಗೆ ಹೆಪಟೈಟಿಸ್ ಇ ಬಂದಾಗ ಮಾತ್ರ ಈ ಲೆಕ್ಕ ಭೀಕರವಾಗಿ ತಪ್ಪುತ್ತದೆ.

ರಿಜಿಸ್ಟರ್ ಎಂಬ ಶಾಲೆ

ಕರ್ನಾಟಕದಲ್ಲಿ ಯಕೃತ್ ಸಂಶೋಧನೆಯ ಅತ್ಯುತ್ತಮ ಉದಾಹರಣೆ ಯಾವುದೆಂದರೆ ಯಂತ್ರಗಳಿಂದ ತುಂಬಿದ ಪ್ರಯೋಗಾಲಯಕ್ಕಿಂತ ಮೊದಲು ಒಂದು ರಿಜಿಸ್ಟರನ್ನು ತೋರಿಸಬೇಕು. 1963ರಲ್ಲಿ ಆರಂಭವಾದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಹರ್ಷದ್ ದೇವರಭಾವಿ ಔಷಧಗಳಿಂದಲೇ ಯಕೃತ್ತು ಕೆಟ್ಟ ರೋಗಿಗಳ ವಿವರವನ್ನು 1997ರಿಂದ ದಾಖಲಿಸುತ್ತ ಬಂದರು. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಸರ್ಕಾರಿ ಹಣದಿಂದ ಜಾಲ ಸ್ಥಾಪನೆಯಾದದ್ದು 2003ರಲ್ಲಿ. ದೇವರಭಾವಿಯವರ ತಂಡ 2010ರಲ್ಲಿ ಪ್ರಕಟಿಸಿದ 313 ರೋಗಿಗಳ ವರದಿಯ ಪ್ರಕಾರ ಶೇ. 58ರಷ್ಟು ಪ್ರಕರಣಗಳಿಗೆ ಕ್ಷಯರೋಗದ ಮಾತ್ರೆಗಳು ಕಾರಣವಾಗಿದ್ದವು, ಒಟ್ಟು ರೋಗಿಗಳಲ್ಲಿ ಶೇ. 17.3 ಜನ ತೀರಿಕೊಂಡಿದ್ದರು. ಪಾಶ್ಚಾತ್ಯ ದೇಶಗಳ ಪಟ್ಟಿಗಳಲ್ಲಿ ಆ್ಯಂಟಿಬಯಾಟಿಕ್‌ಗಳು ಮೊದಲಿರುತ್ತವೆ. ನಮ್ಮ ಚಿತ್ರವೇ ಬೇರೆ. ಆ ಕೆಲಸ ದೇಶದ ಹಲವು ಆಸ್ಪತ್ರೆಗಳ ಜಾಲವಾಗಿ ಬೆಳೆದು, 2021ರಲ್ಲಿ 1,288 ರೋಗಿಗಳ ವರದಿ ಬಂತು. ಕ್ಷಯದ ಔಷಧಿಗಳ ಪಾಲು ಶೇ. 46.4, ಆಯುರ್ವೇದ, ನಾಟಿ ಮೊದಲಾದ ಪರ್ಯಾಯ ಔಷಧಿಗಳ ಪಾಲು ಶೇ. 13.9. ಯಕೃತ್ತಿನ ರೋಗಗಳು ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಜನರನ್ನು, ಎಂದರೆ ಸಾಯುವ 25 ಜನರಲ್ಲಿ ಒಬ್ಬರನ್ನು ಬಲಿ ಪಡೆಯುತ್ತವೆ ಎಂಬ 2023ರ ಜಾಗತಿಕ ಅಂದಾಜಿನ ಮೊದಲ ಲೇಖಕರೂ ದೇವರಭಾವಿಯವರೇ.

ಈ ರಿಜಿಸ್ಟರಿನಿಂದ ಒಬ್ಬ ಪೋಸ್ಟ್‌ಡಾಕ್ ಕಲಿಯುವುದೇನು? ಕಾಮಾಲೆ ಬಂದ ದಿನದಿಂದ ಹಿಂದಕ್ಕೆ ಹೋಗಿ ನುಂಗಿದ ಪ್ರತಿಯೊಂದು ಮಾತ್ರೆಯ ದಿನಾಂಕ ಬಿಡಿಸುವುದು. ವೈರಸ್, ಪಿತ್ತಕಲ್ಲು, ಸಾರಾಯಿ ಇವನ್ನೆಲ್ಲ ಒಂದೊಂದಾಗಿ ಕಳೆದು ಉಳಿದದ್ದನ್ನು ಔಷಧಿಯ ತಲೆಗೆ ಕಟ್ಟುವುದು. ಆರು ತಿಂಗಳ ನಂತರ ರೋಗಿ ಬದುಕಿದ್ದಾರೆಯೇ ಎಂದು ಫೋನು ಮಾಡಿ ವಿಚಾರಿಸುವುದು. ‘ಏನಾದರೂ ನಾಟಿ ಔಷಧಿ ತಗೊಂಡ್ರಾ ತಾಯಿ?’ ಎಂದು ಗದರಿಸುವ ದನಿಯಲ್ಲಿ ಕೇಳಿದರೆ ‘ಇಲ್ಲ ಸಾರ್’ ಎಂಬ ಉತ್ತರವೇ ಬರುತ್ತದೆ. ಸತ್ಯ ಹೊರಬರಬೇಕಾದರೆ ಕೇಳುವ ಬಗೆ ಬೇರೆಯಿರಬೇಕು, ಅದನ್ನು ಯಾವ ಯಂತ್ರವೂ ಕಲಿಸದು. ರಿಜಿಸ್ಟರ್ ಮುಂದಿಡುವ ಪ್ರಶ್ನೆ ಪ್ರಯೋಗಾಲಯಕ್ಕೂ ಒಯ್ಯುತ್ತದೆ. ಒಂದೇ ಆರೋಗ್ಯ ಕೇಂದ್ರದಿಂದ ಒಂದೇ ಮಾತ್ರೆ ಪಡೆದ ಇಬ್ಬರಲ್ಲಿ ಒಬ್ಬರ ಯಕೃತ್ತು ಕೆಡುವುದಕ್ಕೆ ಎನ್‌ಎಟಿ2 ಎಂಬ ಜೀನಿನ ವ್ಯತ್ಯಾಸ ಒಂದು ಕಾರಣವೆಂದು ಗೊತ್ತಿದೆ. ಐಸೋನಿಯಾಜಿಡ್ ಮಾತ್ರೆಯನ್ನು ನಿಧಾನವಾಗಿ ಅರಗಿಸುವ ಮೈಯವರಿಗೆ ಅಪಾಯ ಹೆಚ್ಚು. ಪ್ರೋಟೀನ್ ಕೊರತೆ, ಕುಡಿತ, ವಯಸ್ಸು ಇವು ಅದರೊಡನೆ ಹೇಗೆ ಕೂಡುತ್ತವೆ ಎಂಬುದನ್ನು ನಮ್ಮ ಜನರಲ್ಲೇ ನೋಡಬೇಕು.

ಇನ್ನೊಂದು ಉದಾಹರಣೆ ನಿಮ್ಹಾನ್ಸ್. ನರರೋಗಗಳ ಸಂಸ್ಥೆಗೂ ಲಿವರಿಗೂ ಏನು ಸಂಬಂಧ ಎನ್ನಬಹುದು. ಯಕೃತ್ತು ತಾಮ್ರವನ್ನು ಹೊರಹಾಕಲಾರದೆ ಅದು ಮಿದುಳಿನಲ್ಲೂ ಶೇಖರವಾಗುವ ವಿಲ್ಸನ್ ಕಾಯಿಲೆಗೆ ಅಲ್ಲಿ ಪ್ರತ್ಯೇಕ ಕ್ಲಿನಿಕ್ ನಡೆದಿದೆ. ಎ.ಬಿ. ಟಾಲಿ ಮತ್ತು ಸಹೋದ್ಯೋಗಿಗಳು ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಕಾಣುವ ಕಾಯಿಲೆಯಾದ್ದರಿಂದ, ಸೋದರಮಾವ, ಅತ್ತೆಯ ಮಗನೊಂದಿಗೆ ಮದುವೆ ರೂಢಿಯಿರುವ ನಮ್ಮ ಸೀಮೆಗಳಲ್ಲಿ ಇದರ ಬಗ್ಗೆ ಅರಿವು ಬೇಕು.

ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐಯನ್ನು ಆಸ್ಪತ್ರೆಯವರು ಮರೆಯುತ್ತಾರೆ. ಮೆಣಸು, ಜೀರಿಗೆ, ಅರಿಶಿನ, ಮೆಣಸಿನಕಾಯಿ ಇವು ಪಿತ್ತರಸವನ್ನೂ ಜೀರ್ಣ ಕಿಣ್ವಗಳನ್ನೂ ಹೇಗೆ ಪ್ರಚೋದಿಸುತ್ತವೆಂದು ಕೆ. ಶ್ರೀನಿವಾಸನ್, ಕಲ್ಪನಾ ಪ್ಲಾಟೆಲ್ ಮೊದಲಾದವರು ಅಲ್ಲಿ ಇಲಿಗಳ ಮೇಲೆ ವರ್ಷಗಟ್ಟಲೆ ನೋಡಿದರು. ಅರಿಶಿನದ ಕರ್ಕ್ಯುಮಿನ್ ಇಲಿಗಳ ಪಿತ್ತಕೋಶದಲ್ಲಿ ಕೊಲೆಸ್ಟರಾಲ್ ಕಲ್ಲು ಕಟ್ಟುವುದನ್ನು ತಗ್ಗಿಸಿತು ಎಂಬುದೂ ಅಲ್ಲಿಯದೇ ಕೆಲಸ. ಇವನ್ನು ಮುಂದುವರಿಸಿ ಪಿತ್ತಕಲ್ಲಿನ ರೋಗಿಗಳತ್ತ ಒಯ್ಯಬಲ್ಲ ವೈದ್ಯರು ಪಕ್ಕದಲ್ಲಿರಲಿಲ್ಲ. ಮೇಲೆ ಹೇಳಿದ ಬಿಡಿತನಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಏನನ್ನು ಕಲಿಸಬೇಕು

ಕೈಕೆಲಸದ ಪಟ್ಟಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದು ಕಾಲಕ್ಕೆ ಯಕೃತ್ತಿನ ಬಯಾಪ್ಸಿ ಓದುವುದೇ ದೊಡ್ಡ ವಿದ್ಯೆ. ಈಗ ಅದರ ಗಡಸುತನವನ್ನು ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್, ಕರುಳಿನ ಸೂಕ್ಷ್ಮಜೀವಿಗಳ ಡಿಎನ್‌ಎ ಓದು, ಕರುಳಿನ ಒಂದು ಕಾಂಡಕೋಶದಿಂದ ಪುಟ್ಟ ಕರುಳನ್ನೇ ತಟ್ಟೆಯಲ್ಲಿ ಬೆಳೆಸುವ ಆರ್ಗನಾಯ್ಡ್ ವಿಧಾನ ಬಂದಿವೆ. ಈ ಕೊನೆಯದನ್ನು ನೆದರ್ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯ 2009ರಲ್ಲಿ ತೋರಿಸಿತು. ಆ ಪ್ರಬಂಧದ ಮೊದಲ ಲೇಖಕ ತೋಶಿರೋ ಸಾಟೊ, ಅಲ್ಲಿ ಪೋಸ್ಟ್‌ಡಾಕ್ ಆಗಿದ್ದ ಜಪಾನಿನ ಗ್ಯಾಸ್ಟ್ರೋ ಎಂಟರಾಲಜಿಸ್ಟ್. ವೈದ್ಯನೊಬ್ಬ ಕೆಲವು ವರ್ಷ ಮೂಲವಿಜ್ಞಾನದ ಪ್ರಯೋಗಾಲಯದಲ್ಲಿ ಕೂತರೆ ಏನಾಗಬಹುದು ಎನ್ನುವವರಿಗೆ ಅದೊಂದು ಉತ್ತರ.

ಸಂಖ್ಯಾಶಾಸ್ತ್ರ, ಪ್ರಬಂಧ ಬರವಣಿಗೆ, ಹಣಕ್ಕೆ ಅರ್ಜಿ ಬರೆಯುವುದು ಎಲ್ಲೆಡೆ ಒಂದೇ. ನೀತಿಯ ಪಾಠ ಮಾತ್ರ ನಮ್ಮ ನೆಲದಲ್ಲಿ ಬೇರೆ ರೂಪ ತಾಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ರೋಗಿಯ ಒಪ್ಪಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಸಾದಲಿಯವರಿಗೆ ಕಾಗದ ಕನ್ನಡದಲ್ಲಿ ಕೊಟ್ಟು ವಿವರಣೆಯನ್ನು ತೆಲುಗಿನಲ್ಲಿ ಹೇಳಬೇಕಾಗಿ ಬರಬಹುದು. ಚಿಕಿತ್ಸೆಯ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ದಾಖಲಿಸಬೇಕು. ಈ ನೋಂದಣಿ 2007ರಲ್ಲಿ ಆರಂಭವಾಗಿ 2009ರಲ್ಲಿ ಕಡ್ಡಾಯವಾಯಿತು.

ಹಣ ಮತ್ತು ಹೊರದೇಶ

ಭಾರತದಲ್ಲಿ ಪೋಸ್ಟ್‌ಡಾಕ್‌ಗೆ ಹಣದ ಮೂಲಗಳು ಕೆಲವೇ. ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಸರ್ಬ್) ನಡೆಸುತ್ತಿದ್ದ ರಾಷ್ಟ್ರೀಯ ಫೆಲೋಶಿಪ್ ಎರಡು ವರ್ಷದ್ದು, ತಿಂಗಳಿಗೆ 55,000 ರೂಪಾಯಿ ಮತ್ತು ಮನೆಬಾಡಿಗೆ, ಸಂಶೋಧನಾ ಖರ್ಚಿಗೆ ವರ್ಷಕ್ಕೆ 2 ಲಕ್ಷ ಕೊಡುತ್ತಿದ್ದರು. ಸರ್ಬ್‌ನ ಜಾಗಕ್ಕೆ 2023ರ ಕಾಯ್ದೆಯಂತೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಜೈವಿಕ ತಂತ್ರಜ್ಞಾನ ಇಲಾಖೆಯ ರಿಸರ್ಚ್ ಅಸೋಸಿಯೇಟ್ ಕಾರ್ಯಕ್ರಮದ ನಿರ್ವಹಣೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ನಡೆದಿದೆ. ಐಸಿಎಂಆರ್ ತನ್ನ ಸಂಸ್ಥೆಗಳಲ್ಲಿ ಪಿಎಚ್.ಡಿ. ಯವರಿಗೂ ಎಂ.ಡಿ., ಎಂ.ಎಸ್. ಮುಗಿಸಿದವರಿಗೂ ಅವಕಾಶ ಕೊಡುತ್ತದೆ. ವೆಲ್ಕಮ್ ಟ್ರಸ್ಟ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಕಟ್ಟಿದ ಇಂಡಿಯಾ ಅಲಯನ್ಸ್ ವೈದ್ಯರಿಗಾಗಿಯೇ ಪ್ರತ್ಯೇಕ ಫೆಲೋಶಿಪ್ ಇಟ್ಟದ್ದು ಈ ಕ್ಷೇತ್ರದ ದೊಡ್ಡ ಉಪಕಾರ. ಎಲ್ಲದರಲ್ಲೂ ಆಯ್ಕೆಯಾಗುವುದು ವ್ಯಕ್ತಿ. ಒಂದು ವಿಭಾಗಕ್ಕೆ ‘ಜೀರ್ಣಾಂಗ ರೋಗಗಳಲ್ಲಿ ವರ್ಷಕ್ಕೆ ಇಷ್ಟು ಜನರನ್ನು ತಯಾರು ಮಾಡಿ’ ಎಂದು ಹಣ ಕೊಡುವ ಪದ್ಧತಿ ಬೇರೂರಿಲ್ಲ.

ಅಮೆರಿಕದಲ್ಲಿ ಅದಿದೆ. ಅಲ್ಲಿಯ ಮಧುಮೇಹ, ಜೀರ್ಣಾಂಗ ಮತ್ತು ಮೂತ್ರಪಿಂಡ ರೋಗಗಳ ರಾಷ್ಟ್ರೀಯ ಸಂಸ್ಥೆ ವಿಶ್ವವಿದ್ಯಾಲಯಗಳಿಗೆ ಟಿ32 ಎಂಬ ತರಬೇತಿ ಅನುದಾನ ಕೊಡುತ್ತದೆ. 1974ರ ಕಾಯ್ದೆಯಲ್ಲಿ ಇದರ ಬೇರಿದೆ. ವಿಭಾಗ ತಾನೇ ಅಭ್ಯರ್ಥಿಗಳನ್ನು ಆರಿಸುತ್ತದೆ, ಎಂ.ಡಿ. ಮತ್ತು ಪಿಎಚ್.ಡಿ. ಇಬ್ಬರನ್ನೂ ಒಂದೇ ಗುಂಪಿನಲ್ಲಿ ಇಡುತ್ತದೆ. ಮೊದಲ ವರ್ಷ ಪಡೆದ ಹಣಕ್ಕೆ ಪ್ರತಿಯಾಗಿ ಇನ್ನೊಂದು ವರ್ಷ ಸಂಶೋಧನೆ ಮಾಡಿ ಋಣ ತೀರಿಸಬೇಕು, ಎರಡನೆಯ ವರ್ಷ ಅಲ್ಲೇ ಮುಂದುವರಿದರೆ ಅದೇ ಸಾಕು. ಆದರೆ ಇದು ಆ ದೇಶದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಇಲ್ಲಿಂದ ವೀಸಾದ ಮೇಲೆ ಹೋಗುವ ಕನ್ನಡದ ಹುಡುಗ ಹುಡುಗಿಯರು ಸಾಮಾನ್ಯವಾಗಿ ಪ್ರಾಧ್ಯಾಪಕರ ಸ್ವಂತ ಅನುದಾನದಿಂದ ಸಂಬಳ ಪಡೆಯುತ್ತಾರೆ. ಆ ಅನುದಾನ ನಿಂತರೆ ಕೆಲಸವೂ ನಿಲ್ಲುತ್ತದೆ, ವೀಸಾದ ಚಿಂತೆ ಬೇರೆ.

ಹತ್ತಿರದ ಸಾಧ್ಯತೆಗಳು

ಭಾರತೀಯ ಗ್ಯಾಸ್ಟ್ರೋ ಎಂಟರಾಲಜಿ ಸಂಘ 1960ರಿಂದ ಇದೆ, ಅದರ ಪತ್ರಿಕೆ 1982ರಿಂದ. ದೆಹಲಿಯಲ್ಲಿ ಯಕೃತ್ತಿಗೇ ಮೀಸಲಾದ ಸಂಸ್ಥೆ ಐಎಲ್‌ಬಿಎಸ್ 2010ರಲ್ಲಿ ಆರಂಭವಾಗಿ ಪಿಎಚ್.ಡಿ. ಮತ್ತು ಡಿ.ಎಂ. ಎರಡನ್ನೂ ಒಂದೇ ಕಟ್ಟಡದಲ್ಲಿ ಕಲಿಸುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರ ಗ್ಯಾಸ್ಟ್ರೋ ಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆಯನ್ನು ತೆರೆದಿದೆ. ಬಡವರಿಗೆ ಸರ್ಕಾರಿ ವ್ಯವಸ್ಥೆಯಲ್ಲೇ ಯಕೃತ್ ಕಸಿಯವರೆಗಿನ ಚಿಕಿತ್ಸೆ ಎಂಬುದು ಅದರ ಗುರಿ. ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಆಸ್ಪತ್ರೆ ಸಮೇತ ಸ್ನಾತಕೋತ್ತರ ವೈದ್ಯಕೀಯ ಶಾಲೆ ಕಟ್ಟುವುದಾಗಿ ಘೋಷಿಸಿತು, ಎಂ.ಡಿ. ಮತ್ತು ಪಿಎಚ್.ಡಿ. ಒಟ್ಟಿಗೆ ಓದುವ ವ್ಯವಸ್ಥೆ ಅದರ ತಿರುಳು. ಯೋಜನೆ ಹೇಳಿದಂತೆ ನಡೆದರೆ ಈ ಲೇಖನದ ಅರ್ಧ ದೂರು ತೀರುತ್ತದೆ.

ಉಳಿದರ್ಧ ಜಿಲ್ಲೆಗಳದು. ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು 1986ರಿಂದ ಇದೆ. ಚಿಕ್ಕಬಳ್ಳಾಪುರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯಲ್ಲಿ ಶುಲ್ಕವಿಲ್ಲದ ಮಧುಸೂದನ ಸಾಯಿ ವೈದ್ಯಕೀಯ ಕಾಲೇಜು 2023ರ ಮಾರ್ಚ್ 25ರಂದು ಉದ್ಘಾಟನೆಯಾಯಿತು. ಇವುಗಳಿಂದ ನಾಳೆಯೇ ಆರ್ಗನಾಯ್ಡ್ ಪ್ರಯೋಗಾಲಯ ಕೇಳುವುದು ಅವಿವೇಕ. ಸೇಂಟ್ ಜಾನ್ಸ್ ಮಾದರಿಯ ಒಂದು ರಿಜಿಸ್ಟರ್, ತಾಲ್ಲೂಕು ಆಸ್ಪತ್ರೆ ಮತ್ತು ಹೋಬಳಿಯ ಆರೋಗ್ಯ ಕೇಂದ್ರಗಳಿಂದ ಕಾಮಾಲೆ ಪ್ರಕರಣ ತಲುಪುವ ಏರ್ಪಾಟು, ಅದನ್ನು ನೋಡಿಕೊಳ್ಳಲು ಬೆಂಗಳೂರಿನ ಗೈಡ್ ಜೊತೆ ಜಂಟಿಯಾಗಿ ಒಬ್ಬ ಪೋಸ್ಟ್‌ಡಾಕ್, ಇಷ್ಟನ್ನು ಈಗಿನ ಹಣದಲ್ಲೇ ಮಾಡಬಹುದು. ಸಾದಲಿಯಿಂದ ಬೆಂಗಳೂರು ನೂರು ಕಿಲೋಮೀಟರಿನ ಒಳಗೇ ಇದೆ.

ಈ ಸೀಮೆಯಿಂದ ಬಂದು ಪಿಎಚ್.ಡಿ. ಮುಗಿಸುತ್ತಿರುವವರು ಪೋಸ್ಟ್‌ಡಾಕ್ ಹುಡುಕುವಾಗ ಗೈಡ್‌ನ ಹೆಸರಿಗಿಂತ ಮೊದಲು ಮೂರು ವಿಷಯ ವಿಚಾರಿಸಿ: ವಾರಕ್ಕೆ ಒಂದು ದಿನವಾದರೂ ಕ್ಲಿನಿಕ್‌ನಲ್ಲಿ ಕೂರಲು ಬಿಡುತ್ತಾರೆಯೇ, ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ದಾಖಲೆ ಅಲ್ಲಿದೆಯೇ, ಹಿಂದೆ ಅಲ್ಲಿದ್ದ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ. ಅರ್ಜಿಯನ್ನು ಮುಂದೂಡಬೇಡಿ. ಸರ್ಬ್ ಕಾಲದ ನಿಯಮದಂತೆ ರಾಷ್ಟ್ರೀಯ ಫೆಲೋಶಿಪ್ಪಿಗೆ ವಯಸ್ಸಿನ ಮಿತಿ 35. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರು, ಅಂಗವಿಕಲರು ಮತ್ತು ಮಹಿಳೆಯರಿಗೆ ಐದು ವರ್ಷದ ಸಡಿಲಿಕೆ ಇತ್ತು. ಈಗಿನ ನಿಯಮವನ್ನು ಪ್ರತಿಷ್ಠಾನದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.